ನೌರು ದ್ವೀಪದ ನೆಲ ಮತ್ತು ಜನ

ಪೆಸಿಫಿಕ್ ಮಹಾಸಾಗರದ ನಡುವೆ, ಭೂಮಧ್ಯರೇಖೆಗೆ ತುಸು ದಕ್ಷಿಣದಲ್ಲಿ ನೌರು ಎಂಬ ಪುಟ್ಟ ಗಣರಾಜ್ಯವಿದೆ. ಭೂಪಟದಲ್ಲಿ ಅದೊಂದು ಚುಕ್ಕೆ. ವಿಸ್ತೀರ್ಣ 21 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 12,000. ಅಲ್ಲಿ ನದಿಯಿಲ್ಲ, ಅಧಿಕೃತ ರಾಜಧಾನಿಯೂ ಇಲ್ಲ. ಇಷ್ಟು ಚಿಕ್ಕ ನಾಡಿನ ಚರಿತ್ರೆಯಲ್ಲಿ ದೊಡ್ಡದೊಂದು ಪಾಠ ಅಡಗಿದೆ.

ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ ತೆಂಗು ಬೆಳೆಯುತ್ತದೆ. ಜನವಸತಿಯೂ ಬಹುಮಟ್ಟಿಗೆ ಅಲ್ಲಿಯೇ. ಪೂರ್ವಿಕರು ಕಡಲಿನಲ್ಲಿ ಮೀನು ಹಿಡಿದು, ಬುವಾಡಾ ಕೊಳದಲ್ಲಿ ಮೀನು ಸಾಕಿ ಬದುಕುತ್ತಿದ್ದರು. ನಡುವಿನ ಎತ್ತರದ ನೆಲದಲ್ಲಿ ಫಾಸ್ಫೇಟ್ ತುಂಬಿತ್ತು. ಇದರ ಸುಳಿವು ಸಿಕ್ಕಿದ ಬಗೆ ವಿಚಿತ್ರವಾದುದು. ಸಿಡ್ನಿಯ ಕಚೇರಿಯೊಂದರಲ್ಲಿ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ನೌರುವಿನ ಕಲ್ಲನ್ನು ಆಲ್ಬರ್ಟ್ ಎಲ್ಲಿಸ್ ಎಂಬವನು ಪರೀಕ್ಷಿಸಿದಾಗ ಅದು ಉತ್ತಮ ಫಾಸ್ಫೇಟ್ ಎಂದು ತಿಳಿಯಿತು! ಜರ್ಮನರ ಆಳ್ವಿಕೆಯಿದ್ದ 1907ರಲ್ಲಿ ಗಣಿಗಾರಿಕೆ ಮೊದಲಾಯಿತು. ಮೊದಲನೆಯ ಮಹಾಯುದ್ಧದ ಅನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಆ ಸಂಪತ್ತನ್ನು ಹಂಚಿಕೊಂಡವು. ನೌರುವಿನ ಮಣ್ಣು ದೂರದ ಹೊಲಗಳಿಗೆ ಗೊಬ್ಬರವಾಯಿತು.

ಅಲ್ಲಿನ ಜನರು ಅನುಭವಿಸಿದ ಕಷ್ಟ ಸಾಮಾನ್ಯವಲ್ಲ. ತಮ್ಮ ಜನಾಂಗ ಉಳಿಯಬೇಕಾದರೆ 1,500 ಮಂದಿಯಾದರೂ ಇರಬೇಕೆಂದು ಭಾವಿಸಿದ್ದ ಅವರು, 1932ರಲ್ಲಿ ಆ ಸಂಖ್ಯೆ ಮುಟ್ಟಿದಾಗ ‘ಅಂಗಾಮ್’ ಹಬ್ಬವನ್ನು ಆಚರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಸುಮಾರು 1,200 ಮಂದಿಯನ್ನು ಟ್ರುಕ್ ದ್ವೀಪಗಳಿಗೆ ಸಾಗಿಸಿದರು. 1946ರ ಜನವರಿ 31ರಂದು ಮರಳಿ ಬಂದವರು 737 ಮಂದಿ ಮಾತ್ರ. 1949ರಲ್ಲಿ ಜನಸಂಖ್ಯೆ ಮತ್ತೆ 1,500 ಮುಟ್ಟಿತು.

ಗಣಿಯಿಂದ ನೆಲ ಬರಡಾಗುತ್ತಿರಲು, ಕ್ವೀನ್ಸ್‌ಲೆಂಡಿನ ಕರ್ಟಿಸ್ ದ್ವೀಪಕ್ಕೆ ಹೋಗಿ ನೆಲಸಿರೆಂದು ಆಸ್ಟ್ರೇಲಿಯಾ ಸೂಚಿಸಿತು. ತಮ್ಮ ಪ್ರತ್ಯೇಕತೆ ಅಳಿಯುವುದೆಂದು ಅವರು 1964ರಲ್ಲಿ ಅದನ್ನು ನಿರಾಕರಿಸಿದರು. ಟ್ರುಕ್‌ನಿಂದ ಮರಳಿದ ದಿನದ ನೆನಪಿಗಾಗಿ 1968ರ ಜನವರಿ 31ರಂದೇ ಸ್ವತಂತ್ರರಾದರು.

ಆದರೆ ಸ್ವತಂತ್ರ ನೌರುವೂ ಅಗೆಯುವುದನ್ನು ನಿಲ್ಲಿಸಲಿಲ್ಲ. ಫಾಸ್ಫೇಟಿನ ಹಣದಿಂದ ವಿಮಾನಗಳು ಬಂದವು. ಮೆಲ್ಬೋರ್ನಿನಲ್ಲಿ 52 ಅಂತಸ್ತಿನ ಕಟ್ಟಡವೆದ್ದಿತು. ಹಣ ದುರ್ವ್ಯಯವಾಯಿತು, ಸಾಲ ಬೆಳೆಯಿತು; 2004ರಲ್ಲಿ ಆ ಕಟ್ಟಡವೂ ಮಾರಾಟವಾಯಿತು. ಸ್ವಾತಂತ್ರ್ಯಪೂರ್ವದ ಗಣಿಗಾರಿಕೆಯಿಂದಾದ ಹಾನಿಗಾಗಿ ನೌರು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 1989ರಲ್ಲಿ ದಾವೆ ಹೂಡಿತ್ತು. 1993ರಲ್ಲಿ ಆಸ್ಟ್ರೇಲಿಯಾ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. 2001ರಿಂದ, ಆಸ್ಟ್ರೇಲಿಯಾಕ್ಕೆ ಆಶ್ರಯ ಬೇಡಿ ಬಂದವರನ್ನು ಹಣ ಪಡೆದು ಇರಿಸಿಕೊಳ್ಳುವುದೂ ನೌರುವಿಗೆ ಒಂದು ಆದಾಯದ ಮಾರ್ಗವಾಯಿತು.

ಇಂದು ದ್ವೀಪದ ಬಹುಭಾಗ ಸುಣ್ಣಕಲ್ಲಿನ ಮೊನೆಗಳು ಎದ್ದುನಿಂತ ಬೆಂಗಾಡು. ಅಕ್ಕಿ, ಸಕ್ಕರೆ, ಡಬ್ಬಿಯ ಮಾಂಸಗಳು ಹಡಗಿನಲ್ಲಿ ಬರಬೇಕು. ಇಂಥ ಆಹಾರಕ್ಕೆ ಒಗ್ಗಿಕೊಂಡ ಜನರಲ್ಲಿ ಸಿಹಿಮೂತ್ರರೋಗ ಹೆಚ್ಚಾಗಿದೆ.

ನೌರುವಿನ ನೆಲವನ್ನು ಮೊದಲು ಪರರು ಅಗೆದರು, ಬಳಿಕ ಮನೆಯವರೇ ಅಗೆದರು. ಅಗೆದವರು ಯಾರಾದರೇನು, ಹೋದ ಮಣ್ಣು ಮರಳಿ ಬರಲಿಲ್ಲ. ಒಂದು ನಾಡಿನ ಸಂಪತ್ತನ್ನು ಲೆಕ್ಕ ಹಾಕುವಾಗ ಬಂದ ಹಣವನ್ನಷ್ಟೇ ಎಣಿಸಿದರೆ ಸಾಲದು. ಉಳಿದ ನೆಲವನ್ನೂ ಅಳೆಯಬೇಕು.