ಚಳಿಗಾಲದಲ್ಲಿ ಹಿರಿಯರ ಮನಸ್ಸು ಕುಗ್ಗಿದಾಗ

ಸೊಸೆಯೊಬ್ಬರು ಎಪ್ಪತ್ತು ದಾಟಿದ ಅತ್ತೆಯನ್ನು ಮೊಣಕಾಲು ನೋವಿಗೆಂದು ನಮ್ಮಲ್ಲಿಗೆ ಕರೆತಂದಿದ್ದರು. ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ರಾತ್ರಿ ಎರಡಕ್ಕೇ ಎಚ್ಚರವಾಗುತ್ತಿತ್ತು. ನೆರೆಮನೆಗೂ ಹೋಗುವುದನ್ನು ಬಿಟ್ಟಿದ್ದರು. "ವಯಸ್ಸಾತಲ್ರೀ ಸಿಸ್ಟರ್, ಥಂಡಿಗೆ ಹಂಗ ಆಗತೈತಿ" ಎಂದರು ಸೊಸೆ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. "ಮುಂಜಾನೆ ಯಾಕರೆ ಏಳಬೇಕು ಅನ್ನಸ್ತೈತವ್ವಾ" ಎಂದು ಕಣ್ಣೀರು ತಂದರು. ಅವರಿಗಿದ್ದದ್ದು ಖಿನ್ನತೆ. ಅದು ಮುಪ್ಪಿನ ಸಹಜ ಗುಣವಲ್ಲ, ಚಿಕಿತ್ಸೆಯಿರುವ ಕಾಯಿಲೆ.

ಕಾರಣವೇನು?

ಹಗಲು ತೀರ ಚಿಕ್ಕದಾಗುವ ಉತ್ತರದ ದೇಶಗಳಲ್ಲಿ ಬೆಳಕು ಕಡಿಮೆಯಾಗಿ ಚಳಿಗಾಲದ ಖಿನ್ನತೆ ಬರುವುದುಂಟು. ನಮ್ಮ ಭಾಗದಲ್ಲಿ ಡಿಸೆಂಬರ್‌ನಲ್ಲೂ ಹಗಲು ಸುಮಾರು 11 ಗಂಟೆ ಇರುತ್ತದೆ. ಬಿಸಿಲಿದೆ, ನಾವು ಬಿಸಿಲಿಗೆ ಬರುವುದಿಲ್ಲ ಅಷ್ಟೆ. ಥಂಡಿಗೆ ಕೀಲು ನೋಯುತ್ತದೆ, ಹಿರಿಯರು ಒಳಗೇ ಕೂರುತ್ತಾರೆ, ಮಾತುಕತೆ ನಿಲ್ಲುತ್ತದೆ, ಮನಸ್ಸು ಕುಗ್ಗುತ್ತದೆ. ಮನಸ್ಸು ಕುಗ್ಗಿದಷ್ಟೂ ಹೊರಗೆ ಬರುವುದು ಬೇಡವೆನಿಸುತ್ತದೆ. ಆದ್ದರಿಂದ "ಮನಸ್ಸು ಬಂದ ಮೇಲೆ ಏಳುತ್ತೇನೆ" ಎಂದು ಕಾಯಬೇಡಿ. ಮೊದಲು ಏಳಿರಿ, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ.

ಹಿರಿಯರ ದಿನಚರಿ ಹೀಗಿರಲಿ

1. ಬಿಸಿಲೇರಿದ ಮೇಲೆ ಕಿವಿ, ಎದೆ ಮುಚ್ಚಿಕೊಂಡು ಅರ್ಧ ಗಂಟೆ ಅಂಗಳದಲ್ಲಿ ಕುಳಿತುಕೊಳ್ಳಿ, ಆದಷ್ಟು ನಡೆಯಿರಿ. ಬೆಳಗಿನ ಬೆಳಕು ರಾತ್ರಿಯ ನಿದ್ದೆಯನ್ನೂ ಹದಕ್ಕೆ ತರುತ್ತದೆ. ಹೃದಯದ ಕಾಯಿಲೆ, ದಮ್ಮು ಇರುವವರು ನಸುಕಿನ ಥಂಡಿಯಲ್ಲಿ ತಿರುಗಾಡಬಾರದು.

2. ದಿನಕ್ಕೊಂದು ಸಣ್ಣ ಕೆಲಸವಿರಲಿ: ತೊಗರಿಕಾಯಿ ಬಿಡಿಸುವುದು, ಎಳ್ಳು ಆರಿಸುವುದು, ಗಿಡಕ್ಕೆ ನೀರು ಹಾಕುವುದು.

3. ಸಂಜೆ ಏಳಕ್ಕೇ ಮಲಗಿದರೆ ರಾತ್ರಿ ಎರಡಕ್ಕೆ ಎಚ್ಚರವಾಗುವುದು ಸಹಜ. ಒಂಬತ್ತು ದಾಟಿದ ಮೇಲೆ ಮಲಗಿ. ಹಗಲು ನಿದ್ದೆ ಅರ್ಧ ಗಂಟೆ ಸಾಕು.

4. ದಿನವೂ ಮನೆಯ ಹೊರಗಿನವರೊಬ್ಬರ ಜೊತೆಗಾದರೂ ಮಾತನಾಡಿ.

5. ಥಂಡಿಗೆಂದು ಸಾರಾಯಿ ಕುಡಿಯಬೇಡಿ. ಅದು ಖಿನ್ನತೆಯನ್ನು ಹೆಚ್ಚಿಸುತ್ತದೆ.

ಮನೆಯವರು ಕೇಳಬೇಕಾದ ಎರಡು ಪ್ರಶ್ನೆ

"ಈಚೆಗೆ ಮನಸ್ಸಿಗೆ ಬಹಳ ಬೇಸರವೇ?" "ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿ ಇಲ್ಲವೇ?" ಎರಡರಲ್ಲಿ ಒಂದಕ್ಕಾದರೂ "ಹೌದು" ಎಂದರೆ, ಅದು ಎರಡು ವಾರ ಹೆಚ್ಚುಕಡಿಮೆ ದಿನವೂ ಇದ್ದರೆ, ವೈದ್ಯರ ಬಳಿಗೆ ಕರೆತನ್ನಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ವಿಟಮಿನ್ ಬಿ12 ಕೊರತೆ, ಕೆಲವು ಔಷಧಿಗಳಿಂದಲೂ ಹೀಗಾಗಬಹುದು. ಆದ್ದರಿಂದ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ತನ್ನಿ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಎಚ್ಚರಿಕೆ

"ನಾನಿದ್ದು ಯಾರಿಗೇನು?", "ದೇವರು ಕರಕೊಂಡರೆ ಸಾಕು" ಎಂಬ ಮಾತು ಮತ್ತೆ ಮತ್ತೆ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರೊಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯುವ ಔಷಧಿ, ಮಾತ್ರೆಗಳನ್ನು ಬೀಗ ಹಾಕಿಡಿ, ಅಂದೇ ಆಸ್ಪತ್ರೆಗೆ ಬನ್ನಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಉಚಿತ ದೂರವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ಆ ಅಜ್ಜಿಗೆ ಮೊಣಕಾಲು ನೋವು ಈಗಲೂ ಇದೆ. ಆದರೆ ಮುಂಜಾನೆ ಅಂಗಳಕ್ಕೆ ಬಂದು ಕೂರುತ್ತಾರೆ. ಈಗ ಸೊಸೆಯೂ ಚಹಾ ಹಿಡಿದು ಪಕ್ಕದಲ್ಲಿ ಕೂರುತ್ತಾರಂತೆ.