ಕಪ್ಪಾದ ಸೀಸೆ

ಶಾಲೆ ಮಕ್ಕಳೊಡನೆ ನಾವು ಊರ ಕೆರೆಗೆ ಹೋದೆವು. ಮೀನು ಹಿಡಿಯುವವರ ಹರಿಗೋಲು ಹತ್ತಿದೆವು. ಅದು ಗಿರ್ರನೆ ತಿರುಗಿತು. ಮಕ್ಕಳು ಕೂಗಿದ್ದೇ ಕೂಗಿದ್ದು!

ಕೆರೆಯ ನಡುವೆ ಒಂದು ಸೀಸೆ ನೀರು ತುಂಬಿದೆವು. ದಡದ ಮೆಟ್ಟಿಲ ಬಳಿ ಇನ್ನೊಂದು ಸೀಸೆ ತುಂಬಿದೆವು. ನಲ್ಲಿ ಬಾರದ ದಿನ ನಾವು ಕೊಡ ತುಂಬುವುದು ಅಲ್ಲೇ ತಾನೇ? ಎರಡೂ ನೀರು ತಿಳಿಯಾಗಿತ್ತು.

ಸೀಸೆಯೊಳಗೆ ಔಷಧಿ ಹಚ್ಚಿದ ಕಾಗದ ಇರುತ್ತದೆ. ನೀರಿಗೆ ಮಲ ಸೇರಿದ್ದರೆ ಕಪ್ಪಾಗುತ್ತದೆ. ನಮ್ಮ ದೇಶದ ವಿಜ್ಞಾನಿಗಳು 1982ರಲ್ಲಿ ತಿಳಿಸಿದ ಪರೀಕ್ಷೆ ಇದು.

ಎರಡು ದಿನ ಬಿಟ್ಟು ನೋಡಿದೆವು. ನಡುಗೆರೆಯ ನೀರು ಹಾಗೇ ಇತ್ತು. ದಡದ ನೀರು ಮಸಿಯಂತೆ ಕಪ್ಪು!

“ಟೀಚರ್, ತಮ್ಮನಿಗೆ ಭೇದಿ. ಅವ್ವ ಇದೇ ನೀರು ಕುಡಿಸ್ತಾಳೆ” ಎಂದು ಒಬ್ಬ ಹುಡುಗಿ ಅತ್ತಳು. ಸೀಸೆ ಹಿಡಿದು ಅವಳ ಮನೆಗೆ ಹೋದೆವು. ಅವ್ವ ಸೀಸೆ ನೋಡಿದಳು. ಮಾತಾಡಲಿಲ್ಲ. ಒಲೆ ಹಚ್ಚಿ, ಕೊತಕೊತ ಕುದಿಯುವ ತನಕ ನೀರು ಕಾಯಿಸಿದಳು.