ಮಾವನ ಕೈಗೆ ಒಗ್ಗುವ ಡೆಸ್ಕ್‌ಟಾಪ್

ವಿಜಯಪುರದ ಗಾಂಧಿ ಚೌಕದ ಅಂಗಡಿಯೊಂದರಲ್ಲಿ 32 ಜಿಬಿ ಪೆನ್‌ಡ್ರೈವ್ ಕೊಂಡು ಜೇಬಿಗಿಟ್ಟುಕೊಂಡು ತಿಕೋಟಾ ಬಸ್ ಹಿಡಿದೆ. ಸೋದರಮಾವನದು ದ್ರಾಕ್ಷಿ ತೋಟ. ಮನೆಯಲ್ಲಿರುವ ಲ್ಯಾಪ್‌ಟಾಪ್ ಹಳೆಯದು, ಅದರಲ್ಲಿರುವುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಇರಬೇಕು, ಈ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಕೀಲಿ, ಪರದೆ, ಬ್ಯಾಟರಿ ಎಲ್ಲ ಸರಿಯಿರುವ ಯಂತ್ರವನ್ನು ಮೂಲೆಗೆ ಹಾಕಲು ನನಗೂ ಮನಸ್ಸಿಲ್ಲ, ಮಾವನಿಗೂ ಇಲ್ಲ. ಹೀಗಾಗಿ ವಿಂಡೋಸ್ ಬದಲು ಲಿನಕ್ಸ್ ಹಾಕುವುದೆಂದು ತೀರ್ಮಾನವಾಯಿತು.

ಲಿನಕ್ಸ್ ಹಾಕುವವರಿಗೆ ಮೊದಲು ಎದುರಾಗುವುದು ವಿಂಡೋಸ್‌ನಲ್ಲಿ ಯಾರೂ ಕೇಳದ ಪ್ರಶ್ನೆ: ಯಾವ ಡೆಸ್ಕ್‌ಟಾಪ್ ಬೇಕು? ಮೆನು ಎಲ್ಲಿರಬೇಕು, ತೆರೆದ ಕೆಲಸಗಳ ಪಟ್ಟಿ ಎಲ್ಲಿ ಕಾಣಬೇಕು, ಫೈಲುಗಳು ಹೇಗೆ ತೆರೆಯಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಪದರಕ್ಕೆ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಮನೆ ಅದೇ, ಪಡಸಾಲೆಯ ಜೋಡಣೆ ಬೇರೆ. ಇದನ್ನು ಚಿತ್ರ ನೋಡಿ ಆರಿಸಬೇಡಿ, ಕೈಯಿಟ್ಟು ನೋಡಿ ಆರಿಸಿ. ಆ ಕೈಯೂ ನಿಮ್ಮದಲ್ಲ, ಆ ಕಂಪ್ಯೂಟರಿನ ಮುಂದೆ ಹೆಚ್ಚು ಹೊತ್ತು ಕೂಡುವವರದು.

ಹಂತ 1: ಯಂತ್ರ ನೋಡಿ, ಮನೆಯವರನ್ನೂ ನೋಡಿ

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ರ‍್ಯಾಮ್ ಎಷ್ಟೆಂದು ತಿಳಿಯುತ್ತದೆ. 2 ಜಿಬಿ ಇದ್ದರೆ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಅಥವಾ ಮಾಟೆ. 8 ಜಿಬಿ ಇದ್ದರೆ ಯಾವುದಾದರೂ ಆದೀತು. ಲಿನಕ್ಸ್‌ನ ಒಂದು ರೂಪವಾದ ಮಿಂಟ್ ಮಾಡುವವರು ಕನಿಷ್ಠ 2 ಜಿಬಿ ಸಾಕು, ಆರಾಮಾಗಿ ನಡೆಯಲು 4 ಜಿಬಿ ಇರಲಿ ಎನ್ನುತ್ತಾರೆ. ಆದರೆ ನೆನಪಿರಲಿ, ರ‍್ಯಾಮನ್ನು ಹೆಚ್ಚು ತಿನ್ನುವುದು ಡೆಸ್ಕ್‌ಟಾಪ್ ಅಲ್ಲ, ಬ್ರೌಸರ್. ಒಳಗೆ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿ. ಅದರಿಂದ ಬರುವ ವೇಗ ಯಾವ ಡೆಸ್ಕ್‌ಟಾಪ್ ಬದಲಿಸಿದರೂ ಬರುವುದಿಲ್ಲ.

ಆಮೇಲೆ ಒಂದು ಚೀಟಿಯಲ್ಲಿ ಮನೆಯವರು ಏನೇನು ಮಾಡುತ್ತಾರೆಂದು ಬರೆದುಕೊಳ್ಳಿ. ಮಾವನ ಚೀಟಿಯಲ್ಲಿ ಇದ್ದದ್ದು ಇಷ್ಟು: ತಾಸಗಾಂವ್ ಪೇಟೆಗೆ ಕಳಿಸಿದ ಮಣೂಕದ (ಒಣದ್ರಾಕ್ಷಿಯ) ಲೆಕ್ಕ, ಹೊಲದ ಉತಾರ (ಪಹಣಿ) ತೆಗೆದು ಪ್ರಿಂಟ್ ಹಾಕುವುದು, ಕನ್ನಡದಲ್ಲಿ ಅರ್ಜಿ ಬರೆಯುವುದು, ಮೊಮ್ಮಗಳ ಪಾಠದ ವಿಡಿಯೊ. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರಾದರೆ ಆ ಒಂದು ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಇರಗೊಡಿ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು.

ಹಂತ 2: ಐದು ಹೆಸರು ತಿಳಿದರೆ ಸಾಕು

ಕೆಡಿಇ ಶುರುವಾದದ್ದು 1996ರಲ್ಲಿ. ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್ ಅಕ್ಟೋಬರ್ 14ರಂದು ಅದನ್ನು ಘೋಷಿಸಿದರು. ಒಂದೊಂದು ಪ್ರೋಗ್ರಾಮ್ ಒಂದೊಂದು ರೀತಿ ಕಾಣುವುದು, ಒಂದೊಂದು ರೀತಿ ನಡೆಯುವುದು ಅವರಿಗೆ ಬೇಸರ ತಂದಿತ್ತು. ಈಗ ಕೆಡಿಇ ಡೆಸ್ಕ್‌ಟಾಪಿನ ಹೆಸರು ಪ್ಲಾಸ್ಮಾ. ಬಣ್ಣ, ಪಟ್ಟಿ, ಗುಂಡಿ ಎಲ್ಲವನ್ನೂ ಬೇಕಾದಂತೆ ತಿರುಗಿಸಬಹುದು. ಅದೇ ವರ್ಷ ಒಲಿವಿಯೆ ಫೂರ್ದಾಂ ಶುರು ಮಾಡಿದ ಎಕ್ಸ್‌ಎಫ್‌ಸಿಇ ಹಗುರ. ನೋಟ ಸ್ವಲ್ಪ ಹಳೆಯದು, ಕೆಲಸ ಗಟ್ಟಿ. 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆದೆರಿಕೊ ಮೇನಾ ಗ್ನೋಮ್ ಆರಂಭಿಸಿದರು. 2011ರಲ್ಲಿ ಗ್ನೋಮ್ 3 ಬಂದು ಹಳೆಯ ಮೆನು ಹೋದಾಗ ಹಳಬರಿಗೆ ಕೈಕಟ್ಟಿದಂತಾಯಿತು. ಆಗ ಹಳೆಯ ಗ್ನೋಮ್ ಅನ್ನು ಉಳಿಸಿಕೊಂಡು ಮಾಟೆ ಹುಟ್ಟಿತು. ಹಳೆಯ ಜೋಡಣೆಯನ್ನು ಹೊಸ ತಂತ್ರದ ಮೇಲೆ ಕಟ್ಟಲು ಮಿಂಟ್‌ನವರು ಸಿನಮನ್ ಮಾಡಿದರು. ಕೈಗೆ ಕೂತ ರೂಢಿಯನ್ನು ಜನ ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬುದಕ್ಕೆ ಈ ಎರಡೂ ಸಾಕ್ಷಿ.

ಹಂತ 3: ಒಂದೇ ಪೆನ್‌ಡ್ರೈವ್‌ನಲ್ಲಿ ಮೂರು

ವೆಂಟಾಯ್ ಎಂಬ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವ್‌ಗೆ ಹಾಕಿ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ಬಳಸಿ. ಬಳಿಕ ಮಿಂಟ್ ಸಿನಮನ್, ಮಿಂಟ್ ಎಕ್ಸ್‌ಎಫ್‌ಸಿಇ, ಕೆಡಿಇ ಇರುವ ಕುಬುಂಟು, ಈ ಮೂರರ ಐಎಸ್‌ಒ ಫೈಲುಗಳನ್ನು ಸಾದಾ ಫೈಲಿನಂತೆ ನಕಲು ಮಾಡಿ. ಮಿಂಟ್‌ನವು ಒಂದೊಂದೂ ಸುಮಾರು 3 ಜಿಬಿ ಇರುತ್ತವೆ. ಮೊಬೈಲ್ ಡೇಟಾ ನಂಬಿ ಕೂಡಬೇಡಿ, ಒಳ್ಳೆಯ ವೈಫೈ ಇದ್ದಲ್ಲಿ ಇಳಿಸಿಕೊಳ್ಳಿ.

ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಮತ್ತೆ ಆನ್ ಮಾಡುತ್ತಿದ್ದಂತೆ ಎಫ್12 ಒತ್ತುತ್ತಿರಿ. ಎಚ್‌ಪಿ ಆದರೆ ಎಫ್9, ಬೇರೆ ಕೆಲವು ಕಂಪನಿಗಳದ್ದಾದರೆ ಬೇರೆ ಕೀಲಿ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಇದು ಲೈವ್ ನೋಟ. ಇನ್‌ಸ್ಟಾಲ್ ಒತ್ತುವ ತನಕ ನಿಮ್ಮ ಡಿಸ್ಕಿನ ಮೇಲೆ ಏನೂ ಕೂರುವುದಿಲ್ಲ, ಧೈರ್ಯವಾಗಿ ಓಡಾಡಿ. ಪೆನ್‌ಡ್ರೈವ್‌ನಿಂದ ನಡೆಯುವಾಗ ಎಲ್ಲವೂ ನಿಧಾನವೇ, ಆ ವೇಗ ನೋಡಿ ತೀರ್ಪು ಕೊಡಬೇಡಿ.

ಹಂತ 4: ಚೀಟಿ ಹಿಡಿದು ಪರೀಕ್ಷೆ

ಇಲ್ಲಿ ಅವಸರ ಬೇಡ. ಕಂಪ್ಯೂಟರ್ ಬಳಸುವವರನ್ನೇ ಕೂರಿಸಿ, ನೀವು ಹಿಂದೆ ನಿಲ್ಲಿ. ಮೌಸ್ ಮುಟ್ಟಬೇಡಿ. ಚೀಟಿಯ ಕೆಲಸವನ್ನು ಒಂದೊಂದಾಗಿ ಮಾಡಲು ಹೇಳಿ, ಎಲ್ಲಿ ಕೈ ನಿಲ್ಲುತ್ತದೆ ಎಂದು ಗಮನಿಸಿ.

ನನಗೆ ಗ್ನೋಮ್ ಇಷ್ಟ. ಅದರ ಖಾಲಿ ಪರದೆಯಲ್ಲಿ ಬರೆಯಲು ಕೂತರೆ ಮನಸ್ಸು ಚೆದುರುವುದಿಲ್ಲ. ಹಾಗಾಗಿ ಮೊದಲು ನನ್ನ ಬಳಿಯಿದ್ದ ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನ ಗ್ನೋಮ್ ಅನ್ನೇ ಮಾವನಿಗೆ ತೋರಿಸಿದೆ. ಉತಾರದ ಪಿಡಿಎಫ್ ತೆರೆಯಿತು. ಅದನ್ನು ಬದಿಗಿಟ್ಟು ಲೆಕ್ಕದ ಹಾಳೆಗೆ ಹೋಗಬೇಕು. ಮಾವನ ಮೌಸ್ ಬಾಣ ಕಿಟಕಿಯ ಬಲಮೂಲೆಗೆ ಹೋಗಿ ಅಲ್ಲೇ ಸುತ್ತಾಡಿತು.

“ತಮ್ಮಾ, ಪೇಜ್ ಕೆಳಗ ಇಳಸೂ ಗೀಟು ಎಲ್ಲಿ ಹೋತೋ?”

“ಇದರಾಗ ಅದು ಇರೂದಿಲ್ಲ ಮಾವಾ. ವಿಂಡೋಸ್ ಕೀಲಿ ಒತ್ತಿದ್ರ ಎಲ್ಲಾ ಪೇಜ್ ಸಾಲಾಗಿ ಕಾಣತಾವ.”

ಮಾವ ಒತ್ತಿದರು, ಕಂಡವು. ಮರುಕ್ಷಣ ಬಾಣ ಮತ್ತೆ ಅದೇ ಮೂಲೆಗೆ ಹೋಯಿತು. ಗ್ನೋಮ್‌ನ ಮೂಲರೂಪದಲ್ಲಿ ಆ ಗೀಟು, ಅಂದರೆ ಮಿನಿಮೈಸ್ ಗುಂಡಿ, ಇರುವುದೇ ಇಲ್ಲ. ಬೇರೆಡೆಯಿಂದ ತರಿಸಿ ಕೂರಿಸಬಹುದು, ಆದರೆ ಹತ್ತು ವರ್ಷದ ರೂಢಿಯ ಕೈಗೆ ಅಷ್ಟು ದೂರದ ದಾರಿ ಯಾಕೆ? ಎಕ್ಸ್‌ಎಫ್‌ಸಿಇ ಹಾಕಿದಾಗ ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ಮೂಲೆಯಲ್ಲಿ ಗೀಟು. ಮಾವ ಏನೂ ಕೇಳಲಿಲ್ಲ, ಸೀದಾ ಲೆಕ್ಕಕ್ಕೆ ಕೂತರು.

ಪರೀಕ್ಷೆಯಲ್ಲೇ ವೈಫೈ ಹಿಡಿಯುತ್ತದೆಯೇ, ಪ್ರಿಂಟರ್ ಕಾಣುತ್ತದೆಯೇ, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರವಾಗುತ್ತದೆಯೇ ಎಂದೂ ನೋಡಿಕೊಳ್ಳಿ.

ಹಂತ 5: ಕನ್ನಡ ಬರೆದು ನೋಡಿ

ಕನ್ನಡ ಬರೆಯಲಾಗದ ಡೆಸ್ಕ್‌ಟಾಪ್ ಎಷ್ಟು ಚಂದವಿದ್ದರೂ ನಮ್ಮ ಮನೆಗೆ ಬೇಡ. ಒಳ್ಳೆಯ ಸುದ್ದಿಯೆಂದರೆ ಮೇಲೆ ಹೇಳಿದ ಎಲ್ಲದರಲ್ಲೂ ಬರೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅಲ್ಲಿ ಲೇಔಟ್ ಎಂಬಲ್ಲಿ ಕನ್ನಡ ಕಗಪ ಫೊನೆಟಿಕ್ ಸೇರಿಸಿ. ಗ್ನೋಮ್‌ನಲ್ಲಿ ಇದು ಇನ್‌ಪುಟ್ ಸೋರ್ಸಸ್ ಎಂಬ ಹೆಸರಲ್ಲಿ ಇರುತ್ತದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಇದು, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದೇನಲ್ಲ. “ದ್ರಾಕ್ಷಿ” ಎಂದು ಬರೆದು ನೋಡಿ: ಡಿ, ಎಫ್, ಆರ್, ಶಿಫ್ಟ್ ಹಿಡಿದು ಎ, ಶಿಫ್ಟ್ ಬಿಟ್ಟು ಕೆ, ಎಫ್, ಎಕ್ಸ್, ಐ. ಇಲ್ಲಿ ಎಫ್ ಒತ್ತಿದಾಗಲೆಲ್ಲ ಹಿಂದಿನ ಅಕ್ಷರಕ್ಕೆ ಮುಂದಿನದು ಒತ್ತಾಗಿ ಕೂರುತ್ತದೆ. ಒತ್ತಕ್ಷರ ಒಡೆಯದೆ ಬಂದರೆ ಸರಿ. ಕನ್ನಡದಿಂದ ಇಂಗ್ಲಿಷಿಗೆ ಬದಲಾಯಿಸುವ ಕೀಲಿ ಯಾವುದು, ಈಗ ಯಾವ ಭಾಷೆ ಇದೆ ಎಂಬುದು ಪಟ್ಟಿಯಲ್ಲಿ ಎದ್ದು ಕಾಣುತ್ತದೆಯೇ ಎಂದು ನೋಡಿ. ವಯಸ್ಸಾದವರಿಗೆ ಇದೇ ದೊಡ್ಡ ತೊಡಕು.

ಗುಬ್ಬಿ, ನವಿಲು ಎಂಬ ಎರಡು ಉಚಿತ ಕನ್ನಡ ಫಾಂಟುಗಳೂ ಸಾಫ್ಟ್‌ವೇರ್ ಮಳಿಗೆಯಲ್ಲಿ ಸಿಗುತ್ತವೆ. ನವಿಲು ಕೈಬರಹದಂತಿದೆ. ಹಳೆಯ ನುಡಿ ಫೈಲುಗಳು ಮಾತ್ರ ಯೂನಿಕೋಡ್ ಅಲ್ಲ. ಆ ಫಾಂಟು ಇಲ್ಲದಿದ್ದರೆ ಯಾವ ಡೆಸ್ಕ್‌ಟಾಪಿನಲ್ಲೂ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಮುಖ್ಯವಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.

ಲಿನಕ್ಸ್ ಕಷ್ಟದ ದಾರಿ ಎನಿಸಿದರೆ ಕಾಸರಗೋಡಿನ ಕಡೆ ನೋಡಿ. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಿದ್ದಾರೆ.

ಹಂತ 6: ಹಾಕಿ, ಆಮೇಲೆ ಒಂದು ವಾರ ಮುಟ್ಟಬೇಡಿ

ಫೋಟೊ, ಲೆಕ್ಕ, ಉತಾರ ಎಲ್ಲವನ್ನೂ ಬೇರೊಂದು ಡ್ರೈವ್‌ಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲಷ್ಟೇ ಇನ್‌ಸ್ಟಾಲ್ ಒತ್ತಿ. ಮುಗಿದ ತಕ್ಷಣ ಮಿಂಟ್‌ನಲ್ಲಿರುವ ಟೈಮ್‌ಶಿಫ್ಟ್ ತೆರೆದು ಒಂದು ಪ್ರತಿ ತೆಗೆದಿಡಿ. ಸಿಸ್ಟಮ್ ಕೆಟ್ಟರೆ ಅಲ್ಲಿಗೆ ಹಿಂದಿರುಗಬಹುದು.

ಅಕ್ಷರದ ಗಾತ್ರ ದೊಡ್ಡದು ಮಾಡಿ, ಬ್ರೌಸರ್ ಮತ್ತು ಲೆಕ್ಕದ ಹಾಳೆಯ ಗುರುತುಗಳನ್ನು ಕೆಳಗಿನ ಪಟ್ಟಿಗೆ ಎಳೆದಿಡಿ. ಬಣ್ಣ, ಥೀಮ್ ಆಮೇಲೆ. ವಾರದ ಬಳಿಕವೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಪೆನ್‌ಡ್ರೈವ್‌ನಲ್ಲಿರುವ ಇನ್ನೊಂದನ್ನು ತೋರಿಸಿ. ಮನೆಯಲ್ಲಿ ಇಬ್ಬರ ರುಚಿ ಬೇರೆಯಾದರೆ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡಿ ಒಂದೇ ಯಂತ್ರದಲ್ಲಿ ಎರಡು ಡೆಸ್ಕ್‌ಟಾಪ್ ಇಡಬಹುದು. ಆದರೆ ಹೊಸಬರಿಗೆ ನಾನು ಹಾಗೆ ಹೇಳುವುದಿಲ್ಲ, ಮೆನು ತುಂಬ ಎರಡೆರಡು ಪ್ರೋಗ್ರಾಮ್ ತುಂಬಿಕೊಂಡು ಗೊಂದಲವಾಗುತ್ತದೆ.

ಮೊನ್ನೆ ಬಬಲೇಶ್ವರದ ಬೀಗರು ಮಾವನ ಮನೆಗೆ ಬಂದಾಗ ಆ ಲ್ಯಾಪ್‌ಟಾಪ್ ನೋಡಿ ತಮ್ಮದಕ್ಕೂ ಹಾಕಿಕೊಡಲು ಕೇಳಿದರಂತೆ. ಮಾವ ಫೋನಿನಲ್ಲಿ ಹೇಳಿದ್ದು ಇಷ್ಟೆ: “ಬರೂ ಮುಂದ ಚೀಟಿ ಬರಕೊಂಡು ಬರ‍್ರಿ ಅಂದೇನಿ. ಪೆನ್‌ಡ್ರೈವ್ ತೊಗೊಂಡು ಬಾ ತಮ್ಮಾ.”